ಕೈಗೆ ಸಿಗದ ಎಂಟು ಬಡಿತ

ಭದ್ರಾವತಿಯ ನ್ಯೂ ಟೌನಿನಲ್ಲಿ ಬಸ್ಸಿಳಿದ ಜಯಶೀಲಾಳಿಗೆ, ಮುಖವರಳಿಸಿಕೊಂಡು ಎದುರು ಬಂದ ಹಾಲಸ್ವಾಮಿಯನ್ನು ಕಂಡು ಅಳುವೇ ಬಂತು. ಕರೆದರೂ ಬಾರದವಳು ತಾನಾಗಿ ಬಂದಳೆಂದರೆ ಮದುವೆಯ ದಿನ ಗೊತ್ತುಮಾಡಲಿಕ್ಕೇ ಎಂದುಕೊಂಡಿದ್ದ ಪುಣ್ಯಾತ್ಮ! ಮನೆ ತಲುಪುವವರೆಗೂ ಅವನ ಬಾಯಲ್ಲಿ ಛತ್ರದ್ದೇ ಮಾತು.

ಜಯಶೀಲಾ ಶಿವಮೊಗ್ಗದಲ್ಲಿ ನರ್ಸು. ಹೋದ ವರ್ಷ ಅವಳದೇ ಎದೆಬಡಿತ ತಾಳ ತಪ್ಪಿ, ಮಾತ್ರೆಗಳಿಂದ ಸರಿಹೋಗಿತ್ತು. ಮತ್ತೆ ಬರುತ್ತದೆಯೇ ಎಂದರೆ, ತಿಂಗಳಿಗೂ ಬರಬಹುದು, ಹತ್ತು ವರ್ಷಕ್ಕೂ ಬರಬಹುದು, ತಾನೇನು ಜೋಯಿಸನೇ ಎಂದಿದ್ದರು ಡಾಕ್ಟರು. ಹಾಗಾಗಿ ಹಾಲಸ್ವಾಮಿ ಮದುವೆಯ ಮಾತೆತ್ತಿದಾಗ ಅವಳು ಷರತ್ತು ಹಾಕಿದ್ದಳು: ಒಂದು ವರ್ಷ ಬಡಿತ ತಪ್ಪದಿದ್ದರೆ ಮಾತ್ರ. ದಿನಾ ನಾಡಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಳು. ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಅವನು ಅದನ್ನೆಲ್ಲ ಗ್ರಾಫಿಗೆ ಇಳಿಸಿ, ಇನ್ನು ಭಯವಿಲ್ಲವೆಂದು ಭವಿಷ್ಯವನ್ನೂ ನುಡಿದಿದ್ದ.

ಹನ್ನೊಂದು ತಿಂಗಳು ಗೆರೆ ನೆಟ್ಟಗಿತ್ತು. ಇವತ್ತು ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಎದೆ ಎಡವಿತು. ಬರೆಯದೆ ಬಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಅವನನ್ನು ಕಳೆದುಕೊಳ್ಳುವ ಸಂಕಟದಲ್ಲೂ ಅವಳು ಬರೆದಳು.

"ಮತ್ತೆ ಬಂದಿದೆ. ನೀವು ಬೇರೆ ಹುಡುಗಿ ನೋಡ್ಕೊಳ್ಳಿ," ಎಂದು ಜಗಲಿಯ ಮೇಲೆ ನೋಟ್‌ಬುಕ್ ಇಟ್ಟಳು.

ಅವನು ಓದಿದ. ಮುಖ ಬಾಡಿತು. ಆಮೇಲೆ, ವಾರ್ಡಿನಲ್ಲಿ ಇದನ್ನು ಹೇಗೆ ಎಣಿಸುತ್ತೀರಿ ಎಂದು ಕೇಳಿದ. ಅದಕ್ಕೆ ಇಬ್ಬರು ಬೇಕು, ಒಬ್ಬರು ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಇನ್ನೊಬ್ಬರು ನಾಡಿ ಹಿಡಿಯುತ್ತಾರೆ, ತಾಳ ತಪ್ಪಿದಾಗ ಎದೆಯ ಕೆಲವು ಬಡಿತ ಕೈವರೆಗೆ ಬರುವುದಿಲ್ಲ ಎಂದಳು. ಅವನು ವಾಚು ಬಿಚ್ಚಿಟ್ಟು ಕೈ ಚಾಚಿದ. ಬ್ಯಾಗಿನಿಂದ ಸ್ಟೆತಸ್ಕೋಪ್ ತೆಗೆದು ತನ್ನೆದೆಗೆ ಇಟ್ಟುಕೊಂಡು, ಕೊಡಬಾರದು ಅಂದುಕೊಂಡೇ ಇನ್ನೊಂದು ಕೈ ಕೊಟ್ಟಳು.

ಕಾಫಿ ತಂದ ಅವನ ತಾಯಿ ವೀರಮ್ಮ, ಮಗ ಹುಡುಗಿಯ ಕೈ ಹಿಡಿದದ್ದನ್ನು ನೋಡಿ ಹಾಗೇ ಒಳಗೆ ಸರಿದರು.

ಒಂದು ನಿಮಿಷ ಮುಗಿಯಿತು. ಅವಳ ಎಣಿಕೆ ತೊಂಬತ್ತಾರು, ಅವನದು ಎಂಬತ್ತೆಂಟು.

"ಎಂಟು ನನ್ನ ಕೈಗೆ ಸಿಗ್ಲಿಲ್ಲ," ಎಂದ. ಕೈ ಮಾತ್ರ ಬಿಡಲಿಲ್ಲ. "ನಾನು ಕಾದಿದ್ದು ನಿಮ್ಮ ಎದೆ ಪಾಸಾಗ್ಲಿ ಅಂತಲ್ಲ, ನೀವು ಕಾಯಿ ಅಂದ್ರಿ ಅಂತ. ನಾಳೆ ಡಾಕ್ಟರ ಹತ್ರ ಒಟ್ಟಿಗೇ ಹೋಗೋಣ. ಸರಿಹೋಗುತ್ತೆ, ಮತ್ತೆ ತಪ್ಪಿದ್ರೂ ತಪ್ಪಬಹುದು. ಎಣಿಸೋಕೆ ಇಬ್ಬರು ಬೇಕಲ್ಲ ಮಾರಾಯ್ತಿ."

"ತಪ್ಪಿದ ದಿನ ನಾನು ಮುಚ್ಚಿಡಲ್ಲ."

"ಗೊತ್ತು. ಅದಕ್ಕೇ ನೀವೇ ಬೇಕು."

ಜಯಶೀಲಾ ಕಣ್ಣೊರೆಸಿಕೊಂಡಳು. ಇಷ್ಟು ದಿನ ವೀರಮ್ಮನವರನ್ನು ಅಮ್ಮಾವ್ರೇ ಎನ್ನುತ್ತಿದ್ದವಳು ಬಾಗಿಲ ಕಡೆ ತಿರುಗಿ ಕರೆದಳು:

"ಅತ್ತೆ, ಕಾಫಿ ಆರ್ತಾ ಇದೆ, ತನ್ನಿ."