ಕಿತ್ತು ನೋಡಿದ ಗೆಲ್ಲು

ಲತೇಶ್ ಮದುವೆಯ ಮಾತೆತ್ತಿದ ದಿನ ರಾಜೀವಿ ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಂಗಳದ ಕುಂಡದಲ್ಲಿ ಆಗಷ್ಟೇ ಊರಿದ್ದ ಗಂಧರಾಜದ ಗೆಲ್ಲನ್ನು, ಗೇಣುದ್ದದ ಕೊಂಬೆಯನ್ನು, ತೋರಿಸಿದಳು.

"ಅಮ್ಮನ ಗಿಡದ್ದು. ಇದು ಬೇರು ಬಿಟ್ಟರೆ ಅಮ್ಮನ ಒಪ್ಪಿಗೆ ಉಂಟು ಅಂತ ಲೆಕ್ಕ. ಆಗ ಹೇಳ್ತೇನೆ."

"ಬಿಡದಿದ್ದರೆ?"

"ಗಿಡ ಮಾರುವವರು ನೀವು. ನನ್ನನ್ನು ಕೇಳ್ತೀರಲ್ಲ!"

ಅವಳು ನಾರಾವಿಯಲ್ಲಿ ಶಾಲಾ ಟೀಚರ್, ವಯಸ್ಸು ನಲವತ್ತೊಂದು. ಅವನದು ಬೆಳ್ತಂಗಡಿಯಲ್ಲಿ ನರ್ಸರಿ. ಶನಿವಾರ ಮಧ್ಯಾಹ್ನ ಪಿಕಪ್‌ನಲ್ಲಿ ಹೂವಿನ ಗಿಡ ತುಂಬಿಕೊಂಡು ಈ ಕಡೆ ಬರುತ್ತಿದ್ದ. ಎರಡು ವರ್ಷದಿಂದ ಪಿಕಪ್ ಅವಳ ಗೇಟಿನ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುತ್ತಿತ್ತು.

ಆ ಗಂಧರಾಜ ತೋಡಾರಿನ ತವರಿನಲ್ಲಿ, ಬಾವಿಕಟ್ಟೆಯ ಪಕ್ಕ ಬೆಳೆದದ್ದು. ಮುಂಜಾನೆಯ ಮೊದಲ ಹೂ ದೇವರಿಗೆ, ಎರಡನೆಯದು ರಾಜೀವಿಯ ಜಡೆಗೆ. ಹೂ ಮುಡಿಸುವಾಗ ಅಮ್ಮ ಒದ್ದೆ ಕೈಯಿಂದ ಅವಳ ಕುತ್ತಿಗೆಗೆ ನೀರು ತಾಗಿಸುತ್ತಿದ್ದರು, ಬೇಕೆಂದೇ. ಸಂಜೆಗೆ ಬಿಳಿ ಹೂ ಹಳದಿಯಾದರೂ ಪರಿಮಳ ದಿಂಬಿನವರೆಗೂ ಬರುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಆ ಮನೆ ಬೇರೆಯವರದಾಯಿತು.

ದೇವರಲ್ಲಿ ಹೂಪ್ರಸಾದ ಕೇಳುವ ಊರು ನಮ್ಮದು. ಮೂರ್ತಿಯ ಮೇಲಿನ ಹೂ ಬಲಕ್ಕೆ ಬಿದ್ದರೆ ಸರಿ, ಎಡಕ್ಕೆ ಬಿದ್ದರೆ ಇಲ್ಲ. ಅಮ್ಮನನ್ನು ಕೇಳಲು ಅವಳಿಗೆ ಈ ಗೆಲ್ಲೇ ದಾರಿ.

ಲತೇಶ್ ವಾರವಾರ ಬಂದು ಮರಳು ಬೆರೆಸಿದ, ಗೋಣಿಯ ನೆರಳು ಕಟ್ಟಿದ. ಅವನು ಕುಂಡ ನೋಡುವಾಗ ಅವಳು ಅವನ ಬೆರಳುಗಳನ್ನು ನೋಡುತ್ತಿದ್ದಳು. ಅವನು ತಲೆ ಎತ್ತಿದರೆ ಅವಳ ಕಣ್ಣು ಅಂಗಳದ ಸುತ್ತಿನ ಪಾಗಾರದ ಗೋಡೆಯ ಮೇಲೆ.

ಐದನೆಯ ಶನಿವಾರ ಗೆಲ್ಲು ಕಪ್ಪಾಗಿತ್ತು. ಅವನು ಮಣ್ಣು ಮುಟ್ಟಿದ. ಸಡಿಲವಾಗಿತ್ತು.

"ಕೋಳಿ ಕೆದಕಿತಾ?"

ಪಾಗಾರದ ಆಚೆ ಬಟ್ಟೆ ಒಣಗಹಾಕುತ್ತಿದ್ದ ನೆರೆಮನೆಯ ಐಸಮ್ಮ ನಕ್ಕರು. "ಎಂಥ ಕೋಳಿ ಮಾರಾಯ! ಟೀಚರೇ. ದಿನಾ ಬೆಳಿಗ್ಗೆ ಕಿತ್ತು ನೋಡುವುದು, ಮತ್ತೆ ಊರುವುದು. ಹೀಗೆ ಮಾಡಿದರೆ ತೆಂಗಿನಮರವೂ ಸಾಯ್ತದೆ."

"ಐಸಮ್ಮಾ, ನಿಮ್ಮ ಬಟ್ಟೆ ನೋಡಿಕೊಳ್ಳಿ!" ರಾಜೀವಿಯ ಕಿವಿ ಕೆಂಪಾಯಿತು.

ಲತೇಶ್ ಗೆಲ್ಲನ್ನು ಅಂಗೈಯಲ್ಲಿಟ್ಟುಕೊಂಡ. "ದೇವರ ಮುಂದೆ ಪ್ರಶ್ನೆ ಇಟ್ಟು, ಮತ್ತೆ ದೇವರ ಕೈಯನ್ನೇ ಎಳೆದು ನೋಡುವುದಾ ಟೀಚರ್?"

"ನೋಡದೆ ಇರಲಿಕ್ಕೆ ಆಗಲಿಲ್ಲ," ಎಂದಳು, ನೆಲ ನೋಡುತ್ತ. "ಬೇರು ಬಂತಾ, ಬಂತಾ ಅಂತ. ನನಗೆ ನೀವು ಬೇಡ ಅಂತ ಇದ್ದಿದ್ದರೆ ನಾನ್ಯಾಕೆ ಅದನ್ನು ಮುಟ್ತಿದ್ದೆ?"

ಅವನು ತಲೆ ಎತ್ತಿದ. ಈ ಸಲ ಅವಳ ಕಣ್ಣು ಪಾಗಾರಕ್ಕೆ ಹೋಗಲಿಲ್ಲ. ಐಸಮ್ಮ ಒಂದೇ ಲುಂಗಿಯನ್ನು ಮೂರನೆಯ ಸಲ ಕೊಡವಿದರು.

"ತೋಡಾರಿನ ಗಿಡ ಇನ್ನೂ ಉಂಟಲ್ಲ?" ಎಂದ ಲತೇಶ್.

"ಉಂಟು. ಆ ಮನೆಯವರು ಒಳ್ಳೆಯವರು, ಕೇಳಿದರೆ ಕೊಡ್ತಾರೆ."

"ಹಾಗಾದರೆ ಹೋಗುವ. ಇನ್ನೊಂದು ಗೆಲ್ಲು ತಂದು ಅಮ್ಮನನ್ನು ಮತ್ತೊಮ್ಮೆ ಕೇಳಿ. ನಾನು ಕಾಯ್ತೇನೆ."

ರಾಜೀವಿ ಬಾಗಿಲಿಗೆ ಬೀಗ ಹಾಕಿದಳು. ಪಿಕಪ್‌ನ ಮುಂದಿನ ಸೀಟಿನಲ್ಲಿದ್ದ ದಾಸವಾಳದ ಸಸಿಗಳನ್ನು ಒಂದೊಂದಾಗಿ ಹಿಂದಕ್ಕೆ ಸಾಗಿಸಿ ತಾನು ಕುಳಿತಳು.

"ಗೆಲ್ಲು ತರುವ," ಎಂದಳು. "ಆದರೆ ಅಮ್ಮನನ್ನು ಇನ್ನು ಕೇಳುವುದಿಲ್ಲ. ಹೇಳ್ತೇನೆ, ಅಷ್ಟೆ."