ಮಾತು ಸೋಸುವ ಪೆಟ್ಟಿಗೆ

“ಈ ಹರಕು ಕೈಗವಸು ಹಾಕ್ಕೊಂಡು ನೀನೇ ಚರಂಡಿಗಿಳಿ, ನೋಡಾನ” ಎಂದು ದುರುಗಮ್ಮ ಬಾಯಾಡಿಸಿದಳು. ಅವಳ ಕೊರಳಿಗೆ ಕಟ್ಟಿದ ಪೆಟ್ಟಿಗೆಯಿಂದ ಹೊರಬಿದ್ದದ್ದು ಬೇರೆ: “ಕೈಗವಸು ಇನ್ನಷ್ಟು ಗಟ್ಟಿಯಾಗಿದ್ದರೆ ಅನುಕೂಲ, ಸರ್. ತಮ್ಮ ಸಹಕಾರಕ್ಕೆ ವಂದನೆಗಳು.” ನಗರಸಭೆಯ ಆರೋಗ್ಯಾಧಿಕಾರಿ ಖುಷಿಯಿಂದ ತಲೆದೂಗಿ, ‘ದೂರುಗಳಿಲ್ಲ’ ಎಂದು ಬರೆದುಕೊಂಡ.

ಹಿಂದೆ ನಿಂತಿದ್ದ ಪೌರಕಾರ್ಮಿಕ ಹೆಂಗಸರು ಮುಖ ತಿರುಗಿಸಿದರು. ಗಾಜು ಚುಚ್ಚಿಸಿಕೊಂಡು ಕೈ ಕೀವಾದವಳೊಬ್ಬಳು ಅವರಲ್ಲಿದ್ದಳು. ಹದಿನೆಂಟು ವರ್ಷ ತಮ್ಮ ಪರವಾಗಿ ಗುಡುಗಿದವಳು ಈಗ ಅಧಿಕಾರಿಗೆ ಬೆಣ್ಣೆ ಹಚ್ಚುತ್ತಿದ್ದಾಳೆ, ಇವಳನ್ನು ಇಳಿಸಿ ಬೇರೆ ಮುಂದಾಳನ್ನು ಆರಿಸೋಣ ಎಂದು ಅಲ್ಲೇ ಮಾತಾಡಿಕೊಂಡರು.

ಗಂಟಲಿನ ಕ್ಯಾನ್ಸರ್‌ನಿಂದ ಧ್ವನಿ ಕಳೆದುಕೊಂಡ ದುರುಗಮ್ಮನಂಥವರಿಗಾಗಿ ಬಂದ ಈ ‘ಸುಕಂಠ’ ಪೆಟ್ಟಿಗೆ ಒಳ್ಳೆಯ ಯಂತ್ರವೇ, ಅಲ್ಲವೆನ್ನಲಾರೆ. ಕೊರಳ ಸ್ನಾಯುಗಳ ಮಿಡಿತವನ್ನು ಓದಿ, ಆಡಬಯಸಿದ್ದನ್ನು ಆಡುತ್ತಿತ್ತು. ಆದರೆ ಆ ವಿದ್ಯೆ ಅದನ್ನು ಮಾರುವ ಕಂಪನಿಯದಲ್ಲ. ನೂರಾರು ಜನ ಬಿಟ್ಟಿಯಾಗಿ ಬರೆದು ಹಂಚಿದ ಸಾಫ್ಟ್‌ವೇರ್ ಅದು. ಅವರ ಷರತ್ತು ಒಂದೇ: ಯಂತ್ರಕ್ಕಷ್ಟೇ ಅರ್ಥವಾಗುವ ಯಂತ್ರರೂಪವನ್ನು ಯಾರಿಗಾದರೂ ಕೊಟ್ಟರೆ, ಮನುಷ್ಯರು ಓದಿ ತಿದ್ದಬಲ್ಲ ಮೂಲಸಂಕೇತವನ್ನೂ, ನೀವು ಸೇರಿಸಿದ್ದರ ಸಮೇತ, ಕೇಳಿದವರಿಗೆ ಕೊಡಬೇಕು. ತಪ್ಪಿದರೆ ಹಂಚುವ ಹಕ್ಕೇ ಹೋಗುತ್ತದೆ.

ಕಂಪನಿ ಅದರೊಳಗೆ ‘ಸೌಜನ್ಯ ಸೋಸುಕ’ ಎಂಬುದನ್ನು ಹೆಣೆದಿತ್ತು. ಒರಟು ಮಾತು ಹೊರಬರುವ ಮೊದಲೇ ಅದನ್ನು ಸಿಹಿ ಮಾಡುವುದು ಅದರ ಕೆಲಸ. ‘ಕೇಳಿದರೆ ಮೂಲಸಂಕೇತ ಕೊಡುತ್ತೇವೆ’ ಎಂಬ ಚೀಟಿಯನ್ನೂ ಡಬ್ಬಿಯೊಳಗೆ ತುರುಕಿದ್ದರು, ಯಾರು ಓದುತ್ತಾರೆ ಎಂಬ ಕೊಬ್ಬಿನಿಂದ. ದುರುಗಮ್ಮನಿಗೆ ಮಾತ್ರ ಕಸದಲ್ಲಿ ಸಿಕ್ಕ ಚೀಟಿಯನ್ನೂ ಓದದೆ ಎಸೆದು ಗೊತ್ತಿಲ್ಲ. ಎಷ್ಟೋ ಮಕ್ಕಳ ಅಂಕಪಟ್ಟಿಗಳನ್ನು ಹಾಗೆಯೇ ಹುಡುಕಿ ಮನೆಗೆ ಮುಟ್ಟಿಸಿದ್ದಳು.

ಈ ಚೀಟಿಯನ್ನೂ ಓದಿ ಕಂಪನಿಗೆ ಹೋದ ಅವಳು, ಸೋಸುಕವನ್ನು ರೂಪಿಸಿದ ವಿಜ್ಞಾನಿ ಡಾ. ಪ್ರಹ್ಲಾದ ಕೊರ್ಲಹಳ್ಳಿಯ ಎದುರು ಪೆಟ್ಟಿಗೆ ಬಿಚ್ಚಿಟ್ಟು, ಸ್ಲೇಟು ಹಿಡಿದು ಕುಳಿತಳು.

“ಮೂಲಸಂಕೇತ ಕೊಟ್ರೆ ಓದೋಕೆ ಬರುತ್ತೇನಮ್ಮ ನಿನಗೆ?”

‘ನಂಗೆ ಬರಲ್ಲ. ಬರೋರು ಅದಾರೆ’ ಎಂದು ಬರೆದಳು.

“ಸೋಸುಕ ನನ್ನ ಸ್ವಂತದ್ದು. ಅದನ್ನ ಕೊಡೋಲ್ಲ. ಅಷ್ಟಕ್ಕೂ ನಿನಗೇನು ಕಷ್ಟ, ಬೈಗುಳ ಬರ್ತಿಲ್ಲ ಅಂತಲೋ? ನನ್ನ ಹೆಂಡತಿ ವಾರಿಜಾನೂ ನಾಲ್ಕು ವರ್ಷದಿಂದ ಇದನ್ನೇ ಹಾಕ್ಕೊಂಡಿದ್ದಾಳೆ. ಒಂದು ದಿನ ಎದುರಾಡಿಲ್ಲ. ಮನೆ ಎಷ್ಟು ತಣ್ಣಗಿದೆ ಗೊತ್ತಾ?”

ದುರುಗಮ್ಮ ಸ್ಲೇಟು ಒರೆಸಿದಳು. ‘ಮನಿ ನಿಮ್ದು. ಬಾಯಿ ನಂದು. ಕೊಡ್ತೀರೋ, ಪೆಟ್ಟಿಗಿ ಮಾರೋದು ನಿಲ್ಲಿಸ್ತೀರೋ?’

ಪ್ರಹ್ಲಾದ ಅವಳನ್ನು ಹೊರಗೆ ಕಳಿಸಿದ. ಆದರೆ ಕಂಪನಿಯ ವಕೀಲ ಷರತ್ತನ್ನು ಎರಡು ಸಲ ಓದಿ ಬೆವತುಹೋದ. ಸೋಸುಕ ಅದೇ ಸಾಫ್ಟ್‌ವೇರಿನೊಳಗೆ ಹೆಣೆದುಕೊಂಡಿದ್ದರಿಂದ ಅದನ್ನೂ ಕೊಡದೆ ಗತ್ಯಂತರವಿರಲಿಲ್ಲ. ಮೂಲಸಂಕೇತ ಹೊರಬಿದ್ದ ಹನ್ನೆರಡೇ ದಿನಕ್ಕೆ ಬಿಟ್ಟಿ ಬರೆಯುವ ಆ ಜನ ಸೋಸುಕವನ್ನು ಕಿತ್ತೆಸೆದು, ಹೊಸ ರೂಪವನ್ನು ಸುಕಂಠ ಕಟ್ಟಿಕೊಂಡವರಿಗೆಲ್ಲ ಸಿಗುವಂತೆ ಇಟ್ಟರು. ದುರುಗಮ್ಮ ಮತ್ತೆ ಆರೋಗ್ಯಾಧಿಕಾರಿಯ ಮುಂದೆ ನಿಂತು ಅರ್ಧ ಗಂಟೆ ಮಾತಾಡಿದಳು. ಅವಳಂದದ್ದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ವಾರದೊಳಗೆ ಹೊಸ ಕೈಗವಸು ಬಂದವು, ಮುಂದಾಳನ್ನು ಬದಲಿಸುವ ಮಾತು ಮತ್ತೆ ಎದ್ದೇಳಲಿಲ್ಲ.

ಸೋಸುಕವಿಲ್ಲದ ಹೊಸ ರೂಪ ಹೊರಬಂದ ದಿನವೇ ಸಂಜೆ ಪ್ರಹ್ಲಾದ ಉರಿಮುಖ ಹೊತ್ತು ಮನೆಗೆ ಬಂದಿದ್ದ. “ಕಾಫಿ ಕೊಡು. ಭಾನುವಾರ ನಮ್ಮಕ್ಕನ ಮನೆಯವರು ಬರ್ತಾರೆ, ಹತ್ತು ಜನಕ್ಕೆ ಅಡುಗೆ ಆಗಬೇಕು.”

ನಾಲ್ಕು ವರ್ಷದಿಂದ ಇಂಥದ್ದಕ್ಕೆಲ್ಲ ‘ಆಗಲಿ, ಸಂತೋಷ’ ಎಂಬ ಉತ್ತರ ಬರುತ್ತಿತ್ತು.

“ಆಗಲ್ಲ” ಎಂದಳು ವಾರಿಜಾ.

ಅವನು ಚಪ್ಪಲಿ ಬಿಡುತ್ತಿದ್ದವನು ತಲೆಯೆತ್ತಿದ. “ಪೆಟ್ಟಿಗೆ ಕೆಟ್ಟಿದೆಯಾ?”

“ಕೆಟ್ಟಿತ್ತು. ಇವತ್ತು ಸರಿಮಾಡಿಸ್ಕೊಂಡೆ. ನಾಲ್ಕು ವರ್ಷದಿಂದ ಆಗಲ್ಲ ಅಂತಲೇ ಹೇಳ್ತಿದ್ದೀನಿ. ಚೀಟಿ ಬರೆದುಕೊಟ್ಟರೆ, ಪೆಟ್ಟಿಗೆ ಇದೆಯಲ್ಲ, ಮಾತಾಡು ಅಂತ ಹರಿದು ಹಾಕಿದಿರಿ.” ಅವಳು ಕುರ್ಚಿಯೊಂದನ್ನು ಅವನ ಕಡೆ ಎಳೆದಳು. “ಕೂತ್ಕೊಳ್ಳಿ. ಮೊದಲನೇ ದಿನದಿಂದ ಹೇಳ್ತೀನಿ.”

ಅವನು ಕುಳಿತ.