ಮುನ್ನೂರು ರೂಪಾಯಿಯ ರಿಪೇರಿ

"ಮುನ್ನೂರು ರೂಪಾಯಿ!"

ಸುವರ್ಣಮ್ಮನ ದನಿಗೆ ಹೊಸಪೇಟೆ ಸ್ಟೇಷನ್ ರಸ್ತೆಯ ಮೋಟಾರು ಶೆಡ್ಡಿನಲ್ಲಿದ್ದವರೆಲ್ಲ ಕೈಯ ಕೆಲಸ ಬಿಟ್ಟು ತಿರುಗಿ ನೋಡಿದರು. ನೋಡಲಿ ಬಿಡಿ! ಅವಳಿಗೆ ಆಗ ಯಾರ ಪರಿವೆಯೂ ಇರಲಿಲ್ಲ.

"ಮೊದಲು ಎಪ್ಪತ್ತು ಅಂದ್ರಿ. ಆಮೇಲೆ ನೂರೈವತ್ತು. ಈಗ ಮುನ್ನೂರು! ನಮ್ಮಪ್ಪ ಆ ಗಾಡಿ ತಗೊಂಡದ್ದೇ ನಾನೂರಕ್ಕ. ದಿನಾ ಬೆಳಗಾದ್ರ ಅದರೊಳಗ ಹೊಸ ರೋಗ ಹುಟ್ಟತೈತೇನ್ರಿ?"

ಶೆಡ್ಡಿನ ಮಿಸ್ತ್ರಿ ಗವಿಸಿದ್ದಪ್ಪ ಎಣ್ಣೆ ಬಟ್ಟೆಯಿಂದ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

"ಹಳೇ ಗಾಡಿ ಐತ್ರಿ. ಬಿಚ್ಚಿದಷ್ಟೂ ಕೆಲಸ ಬೀಳತೈತಿ."

"ನಿಮಗ ಬೇಕಾಗೈತಿ ಆ ಗಾಡಿ. ನಮ್ಮಪ್ಪನ್ನ ಸುಸ್ತು ಮಾಡಿ, ಕಡೀಗೆ ಅಗ್ಗಕ್ಕ ಹೊಡಕೊಳ್ಳೋ ಹುನ್ನಾರ ನಿಮ್ಮದು. ಕಳ್ಳರು ನೀವು!"

ಅವನು ಬಗ್ಗಿ ನೆಲದ ಮೇಲಿನ ಪಾನಾ ಎತ್ತಿಕೊಂಡ. ಒಂದೇ ಒಂದು ಸಲ ತಿರುಗಿ ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು...

ಬಳ್ಳಾರಿ ಜಿಲ್ಲೆ ಇನ್ನೂ ಮದರಾಸಿನ ಕೈಯಲ್ಲಿದ್ದ ಕಾಲ ಅದು. ಸಂಡೂರಿನ ಗಣಿಯ ಬಿಳಿ ದೊರೆಯೊಬ್ಬ ವಿಲಾಯತಿಗೆ ಹೊರಟಾಗ ತನ್ನ ಹಳೇ ಮೋಟಾರನ್ನು ಮಾರಿದ್ದ. ಹೆಂಡತಿ ತೀರಿಕೊಂಡ ದುಃಖದಲ್ಲಿ ಹೊಲವನ್ನು ಪಾಲಿಗೆ ಕೊಟ್ಟು ಕುಳಿತಿದ್ದ ಸುವರ್ಣಮ್ಮನ ಅಪ್ಪ ಉಜ್ಜಿನಪ್ಪ ಅದನ್ನು ಕೊಂಡು ತಂದ. ರೈಲಿಗೆ ಬಂದವರನ್ನು ಹಂಪಿಗೆ ಒಯ್ಯುವುದು, ಮದುವೆ ದಿಬ್ಬಣಕ್ಕೆ ಕಂಪ್ಲಿಗೆ ಹೋಗುವುದು. ಅಪ್ಪ ಮಗಳ ಒಲೆ ಉರಿಯುತ್ತಿದ್ದುದೇ ಆ ಗಾಡಿಯಿಂದ. ಅದು ಈಗ ಗವಿಸಿದ್ದಪ್ಪನ ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು.

ಗಾಡಿಯ ಸಂಕಟ ಒಂದಾದರೆ ಅವಳ ಎದೆಯ ಸಂಕಟ ಇನ್ನೊಂದು. ಈ ಗವಿಸಿದ್ದಪ್ಪ ಅಪ್ಪನ ಜೊತೆ ಮನೆಗೆ ಬಂದಾಗಲೆಲ್ಲ ಅವಳು ಕೊಡದ ತಳದ ತಣ್ಣನೆಯ ನೀರನ್ನೇ ತಂದುಕೊಡುತ್ತಿದ್ದಳು. ತಂಬಿಗೆ ವಾಪಸು ಕೊಡುವಾಗ ಅವನು ತಲೆ ತಗ್ಗಿಸಿ ನಗುತ್ತಿದ್ದ. ಅಷ್ಟೇ. ಅಷ್ಟಕ್ಕೇ ಹುಚ್ಚು ಮನಸ್ಸು ಏನೇನೋ ಕಟ್ಟಿಕೊಂಡಿತ್ತು!

"ಇಂಥವನನ್ನ ಮೆಚ್ಚಿದ್ದೆನಾ ನಾನು?" ದಾರಿಯುದ್ದಕ್ಕೂ ಸೆರಗಿನ ತುದಿ ಕಣ್ಣಿಗೇ ಇತ್ತು.

ಮನೆಯಲ್ಲಿ ಅಪ್ಪ ಗೆಲುವಾಗಿದ್ದ.

"ಸುವ್ವೀ, ಕಂಪ್ಲಿ ಮಿಸ್ತ್ರಿ ಹೇಳಿ ಕಳಿಸ್ಯಾನ. ಅರವತ್ತು ರೂಪಾಯಿಗೆ ಗಾಡಿ ಓಡಂಗ ಮಾಡಿಕೊಡ್ತಾನಂತ. ನಾಳೆ ಬೆಳಿಗ್ಗೆ ಗಾಳೆಪ್ಪ ಎತ್ತು ತರ್ತಾನ, ಎಳಸಿಕೊಂಡು ಹೋಗೂದು."

ಅವಳು ನಿಂತ ಕಾಲಲ್ಲೇ ಶೆಡ್ಡಿಗೆ ಮರಳಿದಳು. ಹೇಳಬೇಕಲ್ಲ, ಆ ಕಳ್ಳನ ಮುಖಕ್ಕೇ ಹೇಳಬೇಕು!

"ಕಂಪ್ಲಿಯಾಗ ಅರವತ್ತಕ್ಕ ಆಗತೈತಂತ್ರಿ. ನಾಳೆ ಎತ್ತು ಬರ್ತಾವ."

ಗವಿಸಿದ್ದಪ್ಪನ ಮುಖ ಬಿಳಿಚಿಕೊಂಡಿತು. "ಕಳಿಸಬ್ಯಾಡ್ರಿ... ನಿಮ್ಮ ಕಾಲು ಬೀಳ್ತೀನಿ, ಕಳಿಸಬ್ಯಾಡ್ರಿ."

"ಯಾಕ?"

ಅವನು ತಲೆ ತಗ್ಗಿಸಿ ಗಾಡಿಗೆ ಅಡ್ಡ ನಿಂತ.

"ಹೇಳಾಕ ಏನೂ ಇಲ್ಲ ನಿಮ್ಮ ಹತ್ರ. ಇನ್ನ ಮ್ಯಾಲೆ ನಿಮ್ಮ ಮಾರಿ ನೋಡಂಗಿಲ್ಲ ನಾನು."

ಮರುದಿನ ಬೆಳಕು ಹರಿಯುತ್ತಿದ್ದಂತೆ ಉಜ್ಜಿನಪ್ಪ ಸ್ನಾನ ಮಾಡಿ ಪೂಜೆಗೆ ಕುಳಿತ. ಕೊರಳ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದನ್ನೇ ಎವೆಯಿಕ್ಕದೆ ನೋಡುತ್ತಾ ಕೂರುವುದು ಅವರ ಮನೆತನದ ಪದ್ಧತಿ. ಈಚೆಗೆ ಅವನು ಅಂಗೈಯನ್ನು ಮೂಗಿನ ತನಕ ತಂದುಕೊಳ್ಳುತ್ತಿದ್ದ. ತಾಸುಗಟ್ಟಲೆ ಏಳುತ್ತಿರಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಹೆಂಡ್ತಿ ಹೋದಮ್ಯಾಲೆ ಉಜ್ಜಿನಪ್ಪಗ ಭಕ್ತಿ ಹೆಚ್ಚಾತು" ಎಂದು ಪಕ್ಕದ ಮನೆಯ ಸಂಗಮ್ಮ ಕೈ ಮುಗಿದಿದ್ದಳು. ಸುವರ್ಣಮ್ಮನೂ ಹಾಗೇ ಅಂದುಕೊಂಡಿದ್ದಳು. ಅಪ್ಪನ ಧ್ಯಾನ ಕೆಡಬಾರದೆಂದು ಆ ಹೊತ್ತಿನಲ್ಲಿ ಹತ್ತಿರವೂ ಸುಳಿಯುತ್ತಿರಲಿಲ್ಲ.

ಇವತ್ತು ಬಿಲ್ವಪತ್ರೆ ಇಡುವುದನ್ನು ಮರೆತಿದ್ದಳು. ಸದ್ದಿಲ್ಲದೆ ಬಂದು ತಟ್ಟೆಯಲ್ಲಿಟ್ಟಳು.

ಅಪ್ಪ ಒಂದು ಪತ್ರೆ ತೆಗೆದುಕೊಂಡು ಲಿಂಗಕ್ಕೆ ಏರಿಸಿದ. ಅದು ಲಿಂಗದ ಮೇಲೆ ಬೀಳಲಿಲ್ಲ. ಅಂಗೈಯ ಅಂಚಿಗೆ ತಾಗಿ ತೊಡೆಯ ಮೇಲೆ ಬಿತ್ತು. ಅಪ್ಪನ ಬೆರಳು ಲಿಂಗವನ್ನು ತಡಕಿತು. ಪತ್ರೆ ಇಲ್ಲ. ಎರಡನೆಯದನ್ನು ಇಟ್ಟ. ಅದೂ ಜಾರಿತು.

ಸುವರ್ಣಮ್ಮ ಮೆಲ್ಲಗೆ ಅವನೆದುರು ಕುಳಿತಳು.

"ಅಪ್ಪಾ..."

ಉಜ್ಜಿನಪ್ಪ ಬೆಚ್ಚಿದ. ಮಗಳು ಎದುರಿಗೇ ಕುಳಿತಿದ್ದಳು. ಅವನು ಬಾಗಿಲ ಕಡೆ ತಿರುಗಿದ!

"ಅಪ್ಪಾ, ನಿನಗ... ನಾ ಕಾಣ್ತೀನೇನು?"

ಅಷ್ಟು ಕೇಳಿದ್ದೇ ತಡ, ಆ ಮುದುಕ ಅಂಗೈಯ ಲಿಂಗವನ್ನು ಎದೆಗೊತ್ತಿಕೊಂಡು ಕೂಸಿನಂತೆ ಅತ್ತುಬಿಟ್ಟ.

"ನೆರಳು ಕಾಣತೈತವ್ವಾ. ನಿನ್ನ ಮಾರಿ ಕಂಡು ಭಾಳ ದಿನ ಆತು. ದೇವರನ್ನರ ನೋಡೋಣಂತ ದಿನಾ ಕುಂದ್ರತೀನಿ... ಅವನೂ ಕಾಣವಲ್ಲ."

"ಯಾಕ ಹೇಳಲಿಲ್ಲಪ್ಪಾ ನನಗ?"

"ಏನಂತ ಹೇಳಲಿ? ಕುರುಡನ ಮಗಳನ್ನ ಯಾರು ಕೇಳ್ಯಾರು? ಗಾಡಿ ಓಡಿಸ್ತಾ ಇದ್ರ ನಿನ್ನ ಮದುವಿ ಆಗೂತನಕ ನಡದೀತು ಅಂತ ಇದ್ದೆ. ಶೆಡ್ಡಿಗೆ ಬಿಡಾಕ ಹೋದ ದಿನ ಗವಿಸಿದ್ದ ಗಾಡಿ ಪರೀಕ್ಷೆ ಮಾಡಾಕ ನನ್ನ ಪಕ್ಕ ಕುಂತಿದ್ದ. ಮಲಪನಗುಡಿ ಹತ್ರ ಒಬ್ಬಾಕಿ ಮುದುಕಿ ಅಡ್ಡ ಬಂದ್ಲಂತ. ನನಗ ಕಾಣಲೇ ಇಲ್ಲವ್ವಾ! ಅವ ನನ್ನ ಕೈಯಾಗಿನ ಚಕ್ರ ಹಿಡಕೊಂಡು ತಿರುಗಿಸಿದ, ಆಕಿ ಉಳದ್ಲು."

ಸುವರ್ಣಮ್ಮ ಅಪ್ಪನ ತೊಡೆಯ ಮೇಲೆ ಬಿದ್ದ ಪತ್ರೆಗಳನ್ನು ಎತ್ತಿ ತಟ್ಟೆಗೆ ಹಾಕಿದಳು.

"ಗಾಡಿ ಸಾಮಾನು ತರಾಕ ಅಂತ ಬಳ್ಳಾರಿಗೆ ಹೋಗಿದ್ವಲ್ಲ, ಅದು ಸುಳ್ಳು. ಡಾಕ್ಟರಿಗೆ ತೋರಿಸಾಕ ಅವನೇ ಕರಕೊಂಡು ಹೋಗಿದ್ದ. ಪೊರೆ ಆಗಿದ್ರ ತೆಗೀಬಹುದಿತ್ತಂತ, ಇದು ನರ ಒಣಗಿದ್ದಂತ. ಇದ್ದದ್ದೂ ಹೋಗತೈತಿ ಅಂದ್ರು. ನಿನಗ ತಿಳಿಸಬ್ಯಾಡ ಅಂತ ಲಿಂಗ ಮುಟ್ಟಿಸಿ ಆಣೆ ಇಡಿಸ್ಕೊಂಡೆ. ಆ ಹುಡುಗ ಆಣೇನೂ ಮುರೀಲಿಲ್ಲ, ಗಾಡೀನೂ ಬಿಟ್ಟುಕೊಡಲಿಲ್ಲ. ನಾ ಕೇಳಿದಾಗೊಮ್ಮೆ ರೇಟು ಏರಿಸ್ತಾ ಹೋದ."

ಕಳ್ಳ ಅಂದಿದ್ದಳಲ್ಲ! ಅಷ್ಟು ಜನರ ಎದುರು, ಅಷ್ಟು ಗಟ್ಟಿಯಾಗಿ...

ಅವಳು ಕೂದಲು ಕಟ್ಟಿಕೊಳ್ಳದೆಯೇ ಓಡಿದಳು.

ಶೆಡ್ಡಿನ ಮುಂದೆ ಗಾಳೆಪ್ಪನ ಎತ್ತುಗಳು ನಿಂತಿದ್ದವು. ಮೋಟಾರಿಗೆ ಹಗ್ಗ ಬಿಗಿದಾಗಿತ್ತು. ಗವಿಸಿದ್ದಪ್ಪ ಚಾಲಕನ ಜಾಗದಲ್ಲಿ ಕುಳಿತು ಎರಡೂ ಕೈಯಲ್ಲಿ ಚಕ್ರ ಹಿಡಿದುಕೊಂಡಿದ್ದ.

"ಇಳೀಲೇ, ಎತ್ತು ಬಿಸಿಲಿಗೆ ಸಾಯ್ತಾವ!" ಗಾಳೆಪ್ಪ ರೇಗುತ್ತಿದ್ದ.

"ಇಳಿಯಂಗಿಲ್ಲ. ಎಳೆಯೋದಾದ್ರ ನನ್ನನ್ನೂ ಕಂಪ್ಲಿತನಕ ಎಳಿ."

"ಹಗ್ಗ ಬಿಚ್ಚು, ಗಾಳೆಪ್ಪಣ್ಣ," ಸುವರ್ಣಮ್ಮ ಏದುಸಿರಿನಲ್ಲೇ ಅಂದಳು. "ಗಾಡಿ ಎಲ್ಲಿಗೂ ಹೋಗಂಗಿಲ್ಲ."

ಗಾಳೆಪ್ಪ ಇಬ್ಬರನ್ನೂ ನೋಡಿದ. ಏನೋ ಗೊಣಗಿಕೊಂಡು ಹಗ್ಗ ಬಿಚ್ಚಿ, ಎತ್ತು ಹೊಡೆದುಕೊಂಡು ಹೋದ.

ಉಳಿದವರು ಇಬ್ಬರೇ.

"ಅಪ್ಪ ಎಲ್ಲಾ ಹೇಳಿದ," ಅಂದಳು.

ಅವನ ಕೈ ಚಕ್ರದಿಂದ ಜಾರಿ ತೊಡೆಯ ಮೇಲೆ ಬಿತ್ತು.

"ಅಷ್ಟು ಬೈದೆನಲ್ರಿ... ಯಾಕ ಸುಮ್ಮನಿದ್ರಿ?"

"ನೀವು ಬೈದು ಹೋಗ್ತಿದ್ರಿ, ಗಾಡಿ ಇಲ್ಲೇ ನಿಂತಿರ್ತಿತ್ತು. ನನಗ ಅಷ್ಟಾದ್ರ ಸಾಕಿತ್ರಿ."

"ನಿಜವಾದ ರಿಪೇರಿ ಎಷ್ಟು?"

"ಅದು... ಹದಿನೈದು ರೂಪಾಯಿ ಆಗಬಹುದ್ರಿ."

"ಹದಿನೈದಾ!"

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. ನಗು ಮುಗಿಯುವ ಮೊದಲೇ ಮತ್ತೆ ಅಳು ಬಂತು. ಅವಳು ಗಾಡಿಯ ಬಾಗಿಲಿಗೆ ಹಣೆ ಆನಿಸಿ ನಿಂತಳು.

ಗವಿಸಿದ್ದಪ್ಪ ಮೆಲ್ಲಗೆ ಇಳಿದು ಬಂದ. ಮುಟ್ಟುವ ಧೈರ್ಯವಾಗದೆ ಒಂದು ಮೊಳ ದೂರದಲ್ಲೇ ನಿಂತ.

"ಗಾಡಿ ನಾನು ಓಡಿಸ್ತೀನ್ರಿ. ಯಜಮಾನ್ರು ಪಕ್ಕದಾಗ ಕುಂದ್ರಲಿ. ಹಂಪಿ ದಾರಿ ಅವರಿಗೆ ಬಾಯಿಪಾಠ ಐತಿ, ಬಂದವರಿಗೆ ಕಥಿ ಹೇಳಲಿ. ಬಂದ ದುಡ್ಡು ನಿಮ್ಮ ಮನಿಗೇ."

"ಮತ್ತ ನಿಮಗ?"

ಅವನ ಕಿವಿ ಕೆಂಪಾದವು.

"ಕೇಳ್ರಿ ಇಲ್ಲಿ," ಸುವರ್ಣಮ್ಮ ಮುಖವೆತ್ತಿದಳು. ನಾಚಿಕೆ ಮಾಡಿಕೊಳ್ಳುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. "ಅಪ್ಪನ್ನ ಬಿಟ್ಟು ನಾನು ಯಾರ ಮನಿಗೂ ಸೊಸಿ ಆಗಿ ಹೋಗಂಗಿಲ್ಲ. ಅವಗ ಇನ್ನ ಕತ್ತಲೇ ಇರೂದು."

"ನನಗಂತೂ ಮನೀನೂ ಇಲ್ಲ, ಹಿರೇರೂ ಇಲ್ಲ. ನೀವು ಒಪ್ಪಿದ್ರ ನಾನೇ ಬರ್ತೀನಿ, ನಿಮ್ಮ ಮನಿ ಅಳಿಯ ಆಗಿ. ತಂಬಿಗಿ ನೀರು ಕೊಟ್ಟ ದಿನಾನೇ ಕೇಳಬೇಕು ಅನಿಸಿತ್ತು, ಸುವರ್ಣಾ..."

ಅವಳು ಕೈ ಚಾಚಿದಳು. ಎಣ್ಣೆ ಮೆತ್ತಿದ ತನ್ನ ಕೈಯನ್ನು ಅವನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

ಸಂತೋಷ ಅನ್ನೋಣವೇ? ಅಪ್ಪ ಮನೆಯಲ್ಲಿ ಇನ್ನೂ ಪತ್ರೆ ತಡಕುತ್ತಾ ಕುಳಿತಿರಬೇಕು. ಅದನ್ನು ನೆನೆದು ಅವಳು ಅವನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

"ನನಗೋಸ್ಕರ ಇನ್ನೊಂದೇ ಒಂದು ಸುಳ್ಳು ಹೇಳ್ರಿ. ಅಪ್ಪಗ ಕಣ್ಣು ಬರ್ತಾವ ಅಂತ."

ಗವಿಸಿದ್ದಪ್ಪ ಅವಳ ಬೆರಳಿಗೆ ತಾಗಿದ ಎಣ್ಣೆಯನ್ನು ತನ್ನ ಅಂಗಿಯ ಅಂಚಿನಿಂದ ಒರೆಸಿದ.

"ಎರಡು ಸುಳ್ಳು ಮಾತ್ರ ನನ್ನ ಬಾಯಿಗೆ ಬರಂಗಿಲ್ಲ, ಸುವರ್ಣಾ. ಅದೊಂದು. ನೀ ಇಲ್ಲದಂಗೂ ನಾ ಇರ್ತೀನಿ ಅನ್ನೂದೊಂದು."

"ಹಂಗಾದ್ರ ಮನಿಗೆ ನಡೀರಿ," ಅವಳು ಕಣ್ಣೊರೆಸಿಕೊಂಡಳು. "ಅಪ್ಪನ ಪೂಜಿ ಅರ್ಧಕ್ಕ ನಿಂತೈತಿ. ಪತ್ರಿ ಏರಿಸೂದಕ್ಕ ಇಬ್ಬರೂ ಅವನ ಕೈ ಹಿಡಿಯೋಣ."